ತತ್ತಿಯಿಲ್ಲದ ಹೊಳಪು

ಇದನ್ನು ಬರೆಯಬೇಕೆಂದು ಕುಳಿತು ಮತ್ತೆ ಎದ್ದುಹೋದದ್ದು ಎಷ್ಟು ಸಲವೋ ನನಗೇ ಗೊತ್ತಿಲ್ಲ. ದೀಪಾವಳಿ ಮುಗಿದು ಗೌರಿ ಹುಣ್ಣಿಮೆ ಹತ್ತಿರ ಬಂದಾಗ, ಈ ವರ್ಷ ಹೇಳಿಯೇ ಬಿಡಬೇಕು ಅಂದುಕೊಳ್ಳುತ್ತೇನೆ. ಹುಣ್ಣಿಮೆ ದಾಟಿದ ಮೇಲೆ, ಇಷ್ಟು ದಿನ ತಡೆದ ಮಾತು ಇನ್ನೊಂದು ವರ್ಷ ತಡೆದೀತು ಎಂದು ಸುಮ್ಮನಾಗುತ್ತೇನೆ. ಪೆನ್ನು ಹಿಡಿದಾಗ ಮೊದಲು ಕಣ್ಣಿಗೆ ಬರುವುದು ನನ್ನ ತಮ್ಮನ ಹೆಂಡತಿಯ ಕೈ. ಮುಂಗೈ ತುಂಬ ಹಸಿರು ಗಾಜಿನ ಬಳೆ, ಆ ಬಳೆಗಳ ಸಂದಿಯಲ್ಲಿ ಒಣಗಿ ಕುಳಿತ ಬಿಳಿ ಸಕ್ಕರೆ. ಎಷ್ಟು ತೊಳೆದರೂ ಅದು ಪೂರ್ತಿ ಹೋಗುತ್ತಿರಲಿಲ್ಲ. ಆಕೆ ಚಹಾ ತಂದಿಟ್ಟರೆ ಆ ಬಳೆಗಳು ಬೇರೆ ಹೆಂಗಸರ ಬಳೆಗಳಂತೆ ಘಲ್ ಅನ್ನುತ್ತಿರಲಿಲ್ಲ. ಒಂದಕ್ಕೊಂದು ಅಂಟಿಕೊಂಡು ಮಂದವಾಗಿ ಟಕ್ ಅನ್ನುತ್ತಿದ್ದವು.

ನಮ್ಮದು ಬೈಲಹೊಂಗಲದ ಪೇಟೆಯಲ್ಲಿ ಅಜ್ಜನ ಕಾಲದಿಂದ ಬಂದ ಬೆಂಡು ಬತ್ತಾಸಿನ ಅಂಗಡಿ; ಅಂಗಡಿಯ ಹಿಂದೆಯೇ ಮನೆ. ವರ್ಷವಿಡೀ ಮಾರುವುದು ಬೆಂಡು ಬತ್ತಾಸು, ಆದರೆ ನಮ್ಮ ಹೆಸರು ನಿಂತದ್ದು ಸಕ್ಕರೆ ಆರತಿಯ ಮೇಲೆ. ನಮ್ಮ ಕಡೆ ಮದುವೆ ಗೊತ್ತಾದ ಹುಡುಗಿಗೆ ಗೌರಿ ಹುಣ್ಣಿಮೆಯಂದು ಗಂಡಿನ ಮನೆಯವರು ಸೀರೆ, ಹೂವಿನ ಜೊತೆಗೆ ಸಕ್ಕರೆಯ ಗೊಂಬೆಗಳನ್ನು ತಾಟು ತುಂಬ ಒಯ್ಯುತ್ತಾರೆ. ಗಿಳಿ, ನವಿಲು, ಬಸವಣ್ಣ, ತೊಟ್ಟಿಲು. ಹುಡುಗಿ ಅವನ್ನು ಗೌರಿಯ ಮುಂದಿಟ್ಟು ಬೆಳಗಿ, ಆಮೇಲೆ ಓಣಿಗೆಲ್ಲ ಹಂಚುತ್ತಾಳೆ. ಸಾಗವಾನಿಯ ಅಚ್ಚುಗಳನ್ನು ನೀರಿನಲ್ಲಿ ನೆನೆಹಾಕಿ, ಜೋಡಿಸಿ ದಾರ ಬಿಗಿದು, ಹದ ಬಂದ ಪಾಕವನ್ನು ಅದರೊಳಗೆ ಸುರಿಯುವುದು ನನ್ನ ಕೆಲಸ. ಮ್ಯಾಟ್ರಿಕ್ ಮುಗಿಸಿದ ವರ್ಷವೇ ಅಪ್ಪ ನನ್ನನ್ನು ಒಲೆಯ ಮುಂದೆ ಕೂರಿಸಿದ್ದ. ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆಯಿಂದಲೂ ಜನ ಬಂದು, "ಆರತಿ ಅಂದ್ರ ನಿಮ್ಮ ಅಂಗಡೀದ ಆಗಬೇಕ್ರಿ" ಅನ್ನುತ್ತಿದ್ದರು. ಆ ಮಾತು ಕೇಳಿದರೆ ನನಗೆ ಹೊಟ್ಟೆ ತುಂಬಿದ ಹಾಗಾಗುತ್ತಿತ್ತು.

ನನ್ನ ತಮ್ಮ ನಮ್ಮ ಜೊತೆಗೇ ಇದ್ದು ಪಂಪ್‌ಸೆಟ್ ರಿಪೇರಿ ಮಾಡುತ್ತಿದ್ದ. ಅವನ ಹೆಂಡತಿ ತೊರಗಲ್ಲಿನವಳು, ನನ್ನ ಹೆಂಡತಿ ಕಟಕೋಳದವಳು. ಎರಡೂ ರಾಮದುರ್ಗ ತಾಲೂಕಿನ ಊರು. ಅದೊಂದೇ ಕಾರಣಕ್ಕೆ ಇಬ್ಬರೂ ಒಂದೇ ತವರಿನಿಂದ ಬಂದವರಂತೆ ಇದ್ದರು. ನನ್ನ ಹೆಂಡತಿ ಹೆಚ್ಚು ಮಾತಿನವಳಲ್ಲ. ಓಣಿಯಲ್ಲಿ ಆಕೆಗೆ ಗೆಳತಿಯರೂ ಇರಲಿಲ್ಲ. ತಮ್ಮನ ಹೆಂಡತಿ ಬಂದು ಅವಳನ್ನು ಅಕ್ಕಾರ ಅನ್ನತೊಡಗಿದ ಮೇಲೆ ಮಧ್ಯಾಹ್ನ ಹಿತ್ತಲಿನಿಂದ ನನ್ನ ಹೆಂಡತಿಯ ನಗು ಕೇಳತೊಡಗಿತು. ಅದಕ್ಕೆ ಮೊದಲು ಆಕೆ ಅಷ್ಟು ದೊಡ್ಡದಾಗಿ ನಗುತ್ತಾಳೆಂದು ನನಗೆ ತಿಳಿದಿರಲಿಲ್ಲ.

ತಮ್ಮನ ಹೆಂಡತಿ ನನ್ನೆದುರು ಸೆರಗು ಹೊದ್ದುಕೊಂಡೇ ನಿಲ್ಲುತ್ತಿದ್ದಳು. ಹಿರಿಯ ಭಾವನ ಮುಂದೆ ಕುಳಿತುಕೊಳ್ಳುವ ರೂಢಿ ನಮ್ಮಲ್ಲಿ ಇಲ್ಲ. ಆದರೆ ನಿಂತೇ ಎಲ್ಲ ಕೇಳುತ್ತಿದ್ದಳು. ನಗು ಬಂದರೆ ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚುತ್ತಿದ್ದಳು, ಕಣ್ಣು ಮಾತ್ರ ನಗುತ್ತಿದ್ದವು. ಕೆಲಸ ಮಾಡುವಾಗ ತನ್ನಷ್ಟಕ್ಕೆ ಮಾತಾಡುವ ಚಟ. ಹಿಟ್ಟಿಗೆ, ಒಲೆಗೆ, ಬೆಕ್ಕಿಗೆ ಎಲ್ಲಕ್ಕೂ ಬಹುವಚನ. "ಸ್ವಲ್ಪ ಆ ಕಡೆ ಸರೀರಿ" ಎಂದು ಬೆಕ್ಕಿಗೆ ಹೇಳಿದ್ದನ್ನು ನಾನೇ ಕೇಳಿದ್ದೇನೆ.

ಒಂದು ದೀಪಾವಳಿಗೆ ನನ್ನ ತಮ್ಮ ಮನೆಗೆ ಸಣ್ಣ ಓವನ್ ತಂದ. ಆಕೆ ನಾನಕಟಾಯಿ, ಸಕ್ಕರೆ ಬಿಸ್ಕೀಟು ಮಾಡಿದಳು. ಅಷ್ಟಕ್ಕೇ ನಿಂತಿದ್ದರೆ ನನಗೇನೂ ಅನಿಸುತ್ತಿರಲಿಲ್ಲ. ಆದರೆ ಆಕೆ ಮೊಬೈಲಿನಲ್ಲಿ ಒಂದು ವಿಡಿಯೋ ನೋಡಿದ್ದಳು. ಪರದೇಶದ ಹೆಂಗಸೊಬ್ಬಳು ತಮ್ಮ ಹಬ್ಬಕ್ಕೆ ಬಿಸ್ಕೀಟಿನ ಮೇಲೆ ಬಿಳಿ ಸಕ್ಕರೆಯ ಲೇಪ ಹಚ್ಚಿ, ಅದು ಗಾಜಿನಂತೆ ಗಟ್ಟಿಯಾದ ಮೇಲೆ ಅದರ ಮೇಲೆ ಹೂವು ಬಳ್ಳಿ ಬರೆಯುತ್ತಿದ್ದಳು. ಐಸಿಂಗ್ ಎಂದು ಅದರ ಹೆಸರು. ನೀರು ಕುಡಿಯುವ ನೆಪದಲ್ಲಿ ಅಡುಗೆಮನೆಗೆ ಹೋದ ನಾನೂ ಆಕೆಯ ಹಿಂದೆ ನಿಂತು ನೋಡಿದೆ. ವಿಡಿಯೋದ ಹೆಂಗಸು ತತ್ತಿ ಒಡೆದು, ಹಳದಿಯನ್ನು ಬೇರೆ ಮಾಡಿ, ಬಿಳಿಯನ್ನು ಸಕ್ಕರೆ ಪುಡಿಗೆ ಹಾಕಿ ಕಡೆದಳು. ತಮ್ಮನ ಹೆಂಡತಿ ಮೊಬೈಲನ್ನು ಬೋರಲು ಹಾಕಿದಳು.

"ಶಿವನ! ತತ್ತಿ ಇಲ್ಲದ ಆಗೂದಿಲ್ಲೇನ್ರಿ ಇದು, ಭಾವಾರ?"

"ನನಗೇನ ಗೊತ್ತವಾ. ನಮ್ಮ ಮನ್ಯಾಗ ತತ್ತಿ ಕಂಡವರ ಯಾರ?" ಅಂದೆ.

ನಾವು ಲಿಂಗ ಕಟ್ಟಿದವರು. ತತ್ತಿ ಮನೆಯ ಹೊಸ್ತಿಲು ದಾಟಿದ್ದಿಲ್ಲ. ಆಕೆ ತತ್ತಿ ಬಿಟ್ಟು ಅದನ್ನು ಮಾಡಲು ಹಟ ಹಿಡಿದಳು. ಸಕ್ಕರೆ ಬೀಸಿ, ಹಳೆಯ ವಾಯಿಲ್ ಸೀರೆಯ ತುಂಡಿನಲ್ಲಿ ಸೋಸಿ, ಹಾಲಿನ ಹನಿ ಹಾಕಿ ಕಲಸುವಳು. ಒಮ್ಮೆ ಅದು ಹರಿದು ತಾಟು ಸೇರಿತು, ಒಮ್ಮೆ ಸುಣ್ಣದಂತೆ ಪುಡಿಯಾಗಿ ಉದುರಿತು, ಒಮ್ಮೆ ಗಟ್ಟಿಯಾದರೂ ಮಂಕಾಗಿ ಕೂತಿತು. ಕೆಟ್ಟದ್ದನ್ನೆಲ್ಲ ನಾವೇ ತಿಂದೆವು. ತಮ್ಮ ಹೊರಗಿನಿಂದ ಬಂದವನೇ, "ಗೌಂಡಿ ಅವ್ವಾ, ಇವತ್ತ ಗಿಲಾವು ನಿಂತೈತೋ, ಬಿದ್ದೈತೋ?" ಎಂದು ಕಾಡುತ್ತಿದ್ದ. ಗೋಡೆಗೆ ಗಿಲಾವು ಮಾಡುವ ಗೌಂಡಿಗೆ ಹೋಲಿಸಿ ಹಾಗೆ ಅನ್ನುವುದು. "ಬಿದ್ದದ್ದ ನಿಮ್ಮ ತಾಟಿಗೆ, ನಿಂತದ್ದ ಗೌರವ್ವಗ" ಎಂದು ಆಕೆ ಒಳಗಿನಿಂದಲೇ ಉತ್ತರ ಕೊಡುವಳು. ನನ್ನ ಹೆಂಡತಿ ಬಿದ್ದು ಬಿದ್ದು ನಗುವಳು.

ಕೊನೆಗೊಂದು ದಿನ ಆಕೆ ಅಂಗಡಿಯ ಬಾಗಿಲಿಗೆ ಬಂದು ನಿಂತಳು.

"ಭಾವಾರ, ನಿಮ್ಮ ಪಾಕಕ್ಕ ಹೊಳಪ ಹೆಂಗ ಬರತೈತ್ರಿ?"

ಹೇಳಬಾರದು ಅನಿಸಿತು. ಆದರೆ ನನ್ನನ್ನು ಕೇಳುವವರು ಯಾರಿದ್ದರು? ನನ್ನ ಮಕ್ಕಳು ಒಲೆಯ ಕಡೆ ತಲೆಯೂ ಹಾಕುತ್ತಿರಲಿಲ್ಲ. ಗತ್ತಿನಲ್ಲಿ ಹೇಳಿಬಿಟ್ಟೆ. ಸಕ್ಕರೆ ಪಾಕ ಏರುವಾಗ ಲಿಂಬೆರಸದ ಹನಿ ಬೀಳಬೇಕು. ಹೆಚ್ಚಾದರೆ ಅಂಟು ಬಿಡುವುದಿಲ್ಲ, ಕಡಿಮೆಯಾದರೆ ಹರಳುಗಟ್ಟುತ್ತದೆ. ಆ ಪಾಕ ಆರಿ ಜೇನಿನಂತಾದ ಮೇಲೆ ಒಂದು ಚಮಚೆ ನಿನ್ನ ಲೇಪಕ್ಕೆ ಕಲಸಿ ನೋಡು ಅಂದೆ. ಮರುದಿನ ಬೆಳಿಗ್ಗೆ ಆಕೆ ಒಂದು ಬಿಸ್ಕೀಟನ್ನು ತಾಟಿನಲ್ಲಿಟ್ಟು ತಂದಳು. ಉಗುರಿನಿಂದ ಬಡಿದೆ. ಟಣ್ ಅಂದಿತು. ಕಿಟಕಿಯ ಬೆಳಕು ಅದರ ಮೇಲೆ ನಿಂತಿತ್ತು.

"ನಿಂತತಲ್ರಿ ಭಾವಾರ!" ಅಂದಳು. ನಾನು, "ಹೂಂ, ಅಡ್ಡಿಯಿಲ್ಲ" ಅಂದೆ. ಅಷ್ಟೇ ಅಂದೆ.

ಆಕೆಯ ಕೆಲಸ ನೋಡುವಂತಿತ್ತು, ಅದೇ ನನ್ನ ಕಷ್ಟ. ಹಾಲಿನ ಪಾಕೀಟು ತೊಳೆದು ಒಣಗಿಸಿ ಕೋನು ಕಟ್ಟುವಳು, ತುದಿಯನ್ನು ಸೂಜಿಯಷ್ಟು ಕತ್ತರಿಸುವಳು. ಲೇಪದ ಹದ ನೋಡಲು ಅದರ ಮೇಲೆ ಚಾಕುವಿನಿಂದ ಗೆರೆ ಎಳೆದು, ನಿಧಾನವಾಗಿ ಓಂ ನಮಃ ಶಿವಾಯ ಅನ್ನುವಳು. ಆ ಮಂತ್ರ ಮುಗಿಯುವಷ್ಟರಲ್ಲಿ ಗೆರೆ ಮುಚ್ಚಬೇಕು. ಮೊದಲೇ ಮುಚ್ಚಿದರೆ ಸಕ್ಕರೆ ಸಾಲದು, ಮುಚ್ಚದಿದ್ದರೆ ಹಾಲು ಸಾಲದು. ಬಿಸ್ಕೀಟು ಪೂರ್ತಿ ತಣ್ಣಗಾಗದೆ ಮುಟ್ಟುತ್ತಿರಲಿಲ್ಲ. ಮೊದಲು ಅಂಚಿಗೆ ಬದು ಹಾಕಿ, ಆಮೇಲೆ ಮಡಿಗೆ ನೀರು ಬಿಟ್ಟಂತೆ ಒಳಗೆ ಲೇಪ ಹರಿಸುವಳು. ಹಚ್ಚಿದ ತಾಟುಗಳನ್ನು ಮುಚ್ಚಬಾರದು. ಮೇಲೆ ತೆಳು ಬಟ್ಟೆ ಅಷ್ಟೇ. "ಗಾಳಿ ಉಣ್ಣಲಿ ಬಿಡ್ರಿ" ಅನ್ನುತ್ತಿದ್ದಳು. "ಅವಸರ ಮಾಡಿದ್ರ ಸಕ್ಕರೀನೂ ಅಳತೈತಿ." ಮರುದಿನ ಅದರ ಮೇಲೆ ಬೀಟ್‌ರೂಟ್ ರಸದ ಕೆಂಪು, ಅರಿಷಿಣದ ಹಳದಿ. ತನ್ನೂರಿನ ಕೋಟೆಯನ್ನು ಬುರುಜು ಸಮೇತ ಒಂದು ಬಿಸ್ಕೀಟಿನಲ್ಲಿ ಬರೆಯುವಳು. ಮಕ್ಕಳು ಅದನ್ನು ಕಡಿದರೆ, "ನಮ್ಮೂರ ಕೋಟಿ ಒಡದ್ರಲ್ರೋ!" ಎಂದು ಎದೆ ಬಡಿದುಕೊಳ್ಳುವಂತೆ ಮಾಡುವಳು.

ನನ್ನ ಅಚ್ಚಿನ ಗಿಳಿ ಅಜ್ಜನ ಕಾಲದಿಂದ ಒಂದೇ ಕಡೆ ನೋಡುತ್ತಿತ್ತು. ಆಕೆಯ ಗಿಳಿಗಳು ಒಂದೊಂದು ಒಂದೊಂದು ಕಡೆ ನೋಡುತ್ತಿದ್ದವು. ಒಂದಂತೂ ಹಿಂತಿರುಗಿ ತನ್ನ ಬಾಲವನ್ನೇ ನೋಡುತ್ತಿತ್ತು. ಅದನ್ನು ಯಾರೂ ಇಲ್ಲದಾಗ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದೆ. ತಪ್ಪು ಹುಡುಕಿದೆ. ಸಿಗಲಿಲ್ಲ. ಆ ಸಿಟ್ಟಿಗೆ ತಿಂದುಬಿಟ್ಟೆ. ರುಚಿಯಾಗಿತ್ತು, ಅದಕ್ಕೆ ಇನ್ನಷ್ಟು ಸಿಟ್ಟು ಬಂತು.

ಮೊದಲ ವರ್ಷ ಎರಡು ಮನೆಯವರು ಆರತಿ ತಾಟಿನಲ್ಲಿ ಆಕೆಯ ಬಿಸ್ಕೀಟನ್ನೂ ಇಡಿಸಿದರು. ಮರುವರ್ಷ ನನ್ನ ಗಿರಾಕಿಗಳೇ ನನ್ನ ಮುಂದೆ ನಿಂತು, "ಒಳಗಿನ ತಂಗೀನ ಕರೀರಿ" ಅನ್ನತೊಡಗಿದರು. ನನ್ನ ಹಳೆಯ ಗಿರಾಕಿಯೊಬ್ಬ ಗೊಂಬೆ ಕಟ್ಟಿಸಿಕೊಂಡು ಹೋಗುವಾಗ ನಗುತ್ತ, "ಧಣೀರ, ಇನ್ನ ನೀವು ಅಚ್ಚ ಒಲಿಗೆ ಹಾಕ್ರಿ, ಚಹಾ ಕಾಸಾಕ ಬರತಾವ" ಅಂದ. ಚೇಷ್ಟೆಗೆ ಅಂದದ್ದು. ನನಗೆ ಆ ದಿನ ಅನ್ನ ಸೇರಲಿಲ್ಲ. ಇನ್ನೊಂದು ಮಾತು ಅದಕ್ಕಿಂತ ಚುಚ್ಚುತ್ತಿತ್ತು. ಹೊಳಪು ಹೇಗೆ ಬಂತೆಂದು ಯಾರು ಕೇಳಿದರೂ ಆಕೆ, "ನಮ್ಮ ಭಾವಾರ ಕಲಿಸಿದ್ರಿ" ಅನ್ನುತ್ತಿದ್ದಳು. ಜನ ನನ್ನ ಕಡೆ ನೋಡಿ ತಲೆ ಆಡಿಸಿ, ಬಿಸ್ಕೀಟು ಒಯ್ಯುತ್ತಿದ್ದರು.

ಒಂದು ಸಂಜೆ ಆಕೆ ಹಚ್ಚಿಟ್ಟ ತಾಟುಗಳ ಮೇಲೆ ನಾನು ಹಿತ್ತಾಳೆಯ ಮುಚ್ಚಳ ಬೋರಲು ಹಾಕಿದೆ. ಇರುವೆ ಬರುತ್ತವೆ ಎಂದು ನನಗೆ ನಾನೇ ಹೇಳಿಕೊಂಡೆ. ಬದುಕೆಲ್ಲ ಸಕ್ಕರೆಯ ಕೆಲಸ ಮಾಡಿದವನಿಗೆ ಮುಚ್ಚಿದರೆ ಏನಾಗುತ್ತದೆಂದು ತಿಳಿಯದೇ? ಬೆಳಿಗ್ಗೆ ಲೇಪವೆಲ್ಲ ಬೆವೆತು ಅಂಟಂಟಾಗಿತ್ತು. ಆಕೆ ಮುಚ್ಚಳ ಎತ್ತಿ ನೋಡಿದಳು, ನನ್ನನ್ನು ನೋಡಲಿಲ್ಲ. "ಸಕ್ಕರಿ ಅತ್ತೈತ್ರಿ" ಎಂದಷ್ಟೇ ಅಂದು ಮತ್ತೆ ಹಿಟ್ಟು ನಾದಲು ಕೂತಳು. ನನ್ನ ಹೆಂಡತಿ ತುಪ್ಪ ಕಾಸಿಕೊಟ್ಟಳು.

ಆ ವರ್ಷವೇ ಹುಣ್ಣಿಮೆ ಇನ್ನೇನು ಬಂತು ಅನ್ನುವಾಗ ದೇಗಾಂವದ ಒಬ್ಬ ಅವ್ವ ಅಂಗಡಿಗೆ ಬಂದರು. ಮಗನಿಗೆ ಸವದತ್ತಿಯ ಹುಡುಗಿಯನ್ನು ಗೊತ್ತು ಮಾಡಿದ್ದರು. ಮೊದಲಿನಿಂದಲೂ ನನ್ನ ಆರತಿಯೇ ಒಯ್ಯುವ ಮನೆ ಅದು. ಈ ಸಲ ತಾಟು ಪೂರ್ತಿ ಬಿಸ್ಕೀಟಿನದೇ ಎಂದು ತಮ್ಮನ ಹೆಂಡತಿಗೆ ಹೇಳಿದ್ದರಂತೆ. ಅದು ನನಗೆ ಗೊತ್ತಿದ್ದದ್ದು ಅವರಿಗೆ ಗೊತ್ತಿರಲಿಲ್ಲ.

"ಎಷ್ಟ ಚಂದ ಹೊಳೀತಾವ್ರಿ ನಿಮ್ಮ ತಮ್ಮನ ಹೆಂಡತಿ ಬಿಸ್ಕೀಟು! ಅದೇನ ಹಾಕತಾಳ ಅಂತೀನಿ?"

ನನ್ನ ಹೆಂಡತಿ ಚಹಾ ತಂದು ನನ್ನ ಪಕ್ಕದಲ್ಲಿ ಇಡುತ್ತಿದ್ದಳು. ನಾನು ಬತ್ತಾಸು ಕಟ್ಟುತ್ತಿದ್ದ ಕೈ ನಿಲ್ಲಿಸದೆ ಅಂದೆ:

"ಹೊಳೀಲಾರದ ಏನ್ರಿ ಅವ್ವ. ತತ್ತಿ ಬಿಳಿ ಕಡದ ಹಚ್ಚಿದ್ರ ಎಲ್ಲಾನೂ ಹೊಳೀತೈತಿ."

ಆಕೆ ಹಚ್ಚುತ್ತಾಳೆ ಎಂದು ನಾನು ಹೇಳಲಿಲ್ಲ. ಆ ಜಾಣತನ ಇಟ್ಟುಕೊಂಡೇ ಹೇಳಿದೆ. ಆ ಹೊಳಪು ನನ್ನದೇ ಲಿಂಬೆ ಪಾಕದ ಹೊಳಪೆಂದು ಇಡೀ ಊರಲ್ಲಿ ನನಗಿಂತ ಚೆನ್ನಾಗಿ ಬಲ್ಲವರು ಇರಲಿಲ್ಲ. ಆ ಅವ್ವನ ಮುಖ ಸಣ್ಣದಾಯಿತು. "ಗೌರವ್ವನ ಮುಂದ ಇಡೂದಲ್ರಿ ಅದು..." ಅಂದರು. ನಾನು ಬತ್ತಾಸಿನ ಪೊಟ್ಟಣಕ್ಕೆ ದಾರ ಸುತ್ತಿದೆ. ನನ್ನ ಹೆಂಡತಿ ಚಹಾದ ಬಟ್ಟಲು ಇಟ್ಟು ಒಳಗೆ ಹೋದಳು.

ಹುಣ್ಣಿಮೆಯ ಹಿಂದಿನ ದಿನ ದೇಗಾಂವದಿಂದ ಆಳು ಬಂದ. ತಾಟು ಬೇಡವಂತೆ. ಯಾಕೆ ಎಂದು ತಮ್ಮ ಗದರಿದಾಗ, "ತತ್ತಿ ಬಿಳಿ ಹಾಕತೀರಂತಲ್ರಿ. ನಿಮ್ಮ ಮನ್ಯಾಗಿಂದನ ಮಾತ ಬಂದೈತಂತ" ಅಂದ. ಆಳು ಹೋದದ್ದೇ ತಡ, ಬಿಸ್ಕೀಟಿನ ತಾಟು ಮಾಡಲು ಹೇಳಿದ್ದ ಉಳಿದ ಎರಡು ಮನೆಯವರೂ ಬೇಡ ಅಂದರು. ಪಡಸಾಲೆಯ ತುಂಬ ಹೂವು, ಗಿಳಿ, ಕೋಟೆ ಬರೆದ ತಾಟುಗಳು. ಆಕೆ ಅವುಗಳ ನಡುವೆ ಗೋಡೆಗೆ ಆತು ಕೂತಿದ್ದಳು. ನಾನು ಬಂದರೂ ಏಳಲಿಲ್ಲ. ನನ್ನೆದುರು ಆಕೆ ಕೂತದ್ದನ್ನು ನೋಡಿದ್ದು ಅದೇ ಮೊದಲು.

ತಮ್ಮ ನನ್ನ ಹೆಂಡತಿಯ ಕಡೆ ತಿರುಗಿದ.

"ವೈನಿ, ಆಕಿ ನಿಮಗ ಏನ ಅನ್ಯಾಯ ಮಾಡಿದ್ಲರಿ? ಒಂದ ತಾಟಿನ್ಯಾಗ ಉಂಡಾಕಿ!"

ಮನೆಯ ಮಾತು ಹೊರಗೆ ಹೋಗಿದೆ ಅಂದರೆ ಹೆಂಗಸರಿಂದಲೇ ಹೋಗಿದೆ, ವಾರಗಿತ್ತಿಯರ ಹೊಟ್ಟೆಕಿಚ್ಚು ಎಂದು ಅವನು ತೀರ್ಮಾನ ಮಾಡಿದ್ದ. ಅಣ್ಣ ಹೀಗೆ ಮಾಡಿಯಾನು ಎಂದು ಅವನ ಕನಸಿನಲ್ಲೂ ಬರಲಿಲ್ಲ. ನನ್ನ ಹೆಂಡತಿ ನನ್ನನ್ನು ನೋಡಿದಳು. ಅವಳ ನೋಟದಲ್ಲಿ ಸಿಟ್ಟು ಇರಲಿಲ್ಲ, ಕಾಯುವುದಿತ್ತು. ನಾನು ಬಾಯಿ ತೆರೆದೆ. ಬಂದ ಮಾತು ಇದು:

"ಹೆಣ್ಣಮಕ್ಕಳ ಮಾತ, ಬಿಡೋ."

ನನ್ನ ಹೆಂಡತಿ ಇಲ್ಲ ಅನ್ನಲಿಲ್ಲ, ಹೌದು ಅನ್ನಲಿಲ್ಲ. ಅಣ್ಣತಮ್ಮಂದಿರ ನಡುವೆ ಗಂಡನ ಮುಖ ಉಳಿಯಲಿ ಎಂದು ಇದ್ದೀತು. ಸೆರಗು ಸರಿ ಮಾಡಿಕೊಂಡು ಅಡುಗೆಮನೆಗೆ ಹೋದಳು. ಆ ತಿಂಗಳು ಮುಗಿಯುವುದರೊಳಗೆ ತಮ್ಮ ಬೇರೆ ಮನೆ ಮಾಡಿದ. ಹಿತ್ತಲಿನ ನಗು ನಿಂತಿತು.

ತಮ್ಮನ ಹೆಂಡತಿ ಸೋಲಲಿಲ್ಲ. ಮರುವರ್ಷ ದೀಪಾವಳಿ ಕಳೆದ ಕೂಡಲೇ ಹೊಸ ಮನೆಯ ಕಟ್ಟೆಯ ಮೇಲೆ ಚಾಪೆ ಹಾಸಿ, ಹಾಲು, ಸಕ್ಕರೆ, ಲಿಂಬೆಹಣ್ಣು ಎದುರಿಗಿಟ್ಟುಕೊಂಡು, ಓಣಿಯೆಲ್ಲ ನೋಡುವಂತೆ ಕಲಸಿ ಹಚ್ಚತೊಡಗಿದಳು. "ಬರ್ರಿ, ಕುಂತ ನೋಡ್ರಿ. ಬೇಕಾದ್ರ ನಾಲಗಿಗೆ ಹಚ್ಚಿ ನೋಡ್ರಿ" ಎಂದು ಹೋಗಿ ಬರುವವರನ್ನು ಕರೆಯುವಳು. ನೋಡಲು ಬಂದವರು ತಾಟು ಮಾಡಲು ಹೇಳಿ ಹೋದರು. ದೇಗಾಂವದ ಅವ್ವನೂ ಬಂದರಂತೆ; ಆ ಮಾತು ಯಾರದಿತ್ತೆಂದು ಅವರು ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ. ಆಗಲೂ ಯಾರಾದರೂ ಹೊಳಪಿನ ಮಾತೆತ್ತಿದರೆ, "ನಮ್ಮ ಭಾವಾರ ಕಲಿಸಿದ್ರಿ" ಅನ್ನುವುದನ್ನು ಬಿಡಲಿಲ್ಲ ಎಂದು ಕೇಳಿದೆ. ಆಕೆಯ ಹೆಸರಿಗೆ ಹತ್ತಿದ ಕಲೆ ತೊಳೆದು ಹೋಯಿತು. ನನ್ನ ಹೆಂಡತಿಯ ಹೆಸರಿಗೆ ಹತ್ತಿದ್ದು ಹೋಗಲಿಲ್ಲ. ಬೀಗರಲ್ಲಿ, ಓಣಿಯಲ್ಲಿ, ವಾರಗಿತ್ತಿಯ ಅನ್ನಕ್ಕೆ ಮಣ್ಣು ಹಾಕಿದವಳು ಎಂದು ಅವಳಿಗೆ ಹೆಸರಾಯಿತು. ಅರಿಷಿಣ ಕುಂಕುಮಕ್ಕೆ ಕರೆದರೂ ದೂರ ಕೂರಿಸುತ್ತಿದ್ದರು. ಆಮೇಲೆ ಅವಳೇ ಹೋಗುವುದನ್ನು ಬಿಟ್ಟಳು.

ವರ್ಷಗಳು ಕಳೆದವು. ತಮ್ಮನ ಹೆಂಡತಿ ಹಾಸಿಗೆ ಹಿಡಿದಳು. ಡಾಕ್ಟರು ಮನೆಗೆ ಕರೆದೊಯ್ಯಿರಿ ಅಂದಿದ್ದರು. ಒಂದು ಮಧ್ಯಾಹ್ನ ತಮ್ಮ ಹೊರಗೆ ಹೋದದ್ದು ನೋಡಿ ನಾನು ಹೋದೆ. ಮುಂಗೈ ಎಲುಬಾಗಿ, ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು. ಅಷ್ಟರಲ್ಲೂ ಸೆರಗು ಎಳೆದುಕೊಳ್ಳಲು ನೋಡಿದಳು. ಹಿರಿಯ ಭಾವ ತಮ್ಮನ ಹೆಂಡತಿಗೆ ತಲೆ ಬಾಗುವ ಪದ್ಧತಿ ನಮ್ಮಲ್ಲಿ ಇಲ್ಲ. ನಾನು ತಲೆಯ ಟೊಪ್ಪಿಗೆ ತೆಗೆದು ಆಕೆಯ ಮಂಚದ ಕಾಲ್ದೆಸೆಗೆ ಇಟ್ಟೆ.

"ಅಯ್ಯ, ಟೊಪಗಿ ಹಾಕ್ಕೊಳ್ರಿ ಭಾವಾರ! ಯಾರರ ನೋಡಿದ್ರ ನಗತಾರ."

"ಆ ತತ್ತಿ ಮಾತ ಆಡಿದಾವ ನಾನವಾ" ಅಂದೆ.

"ಗೊತ್ತೈತ್ರಿ."

"ಯಾವಾಗಿಂದ?"

"ಆವತ್ತಿಂದಾನ. ನಮ್ಮನಿಯವರು ಒದರಾಡಿ ಹೊರಗ ಹೋದ ಮ್ಯಾಲೆ ಅಕ್ಕಾರ ನನ್ನ ಬಾಜೂಕ ಬಂದ ಕುಂತ್ರು. 'ತಂಗಿ, ತತ್ತಿ ಒಳಗ ಹಳದಿ ಇರತೈತಂತಲ್ಲ, ಅದನ್ನ ಹಚ್ಚಿದ್ರ ಬಿಸ್ಕೀಟ ಬೆಳ್ಳಗ ಹೆಂಗ ಆಗತೈತಿ?' ಅಂತ ಕೇಳಿದ್ರು." ಸ್ವಲ್ಪ ಉಸಿರು ತೆಗೆದುಕೊಂಡಳು. "ತತ್ತಿ ಬಿಳಿ ಬ್ಯಾರೆ, ಹಳದಿ ಬ್ಯಾರೆ ಮಾಡತಾರ ಅನ್ನೂದು ಆ ವಿಡಿಯೋ ನೋಡಿದ ನಮ್ಮಿಬ್ಬರಿಗಷ್ಟ ಗೊತ್ತಿತ್ರಿ. ಅಕ್ಕಾರಿಗೆ ಆ ಸುಳ್ಳ ಕಟ್ಟಾಕರ ಎಲ್ಲಿ ಬರತಿತ್ತು?"

"ಮತ್ತ ತಮ್ಮಗ ಯಾಕ ಹೇಳಲಿಲ್ಲ?"

"ಹೇಳಾಕ ಹೊಂಟಿದ್ದೆ. ಅಕ್ಕಾರ ಕೈ ಹಿಡಕೊಂಡ್ರು. 'ಅಣ್ಣತಮ್ಮರು ಒಬ್ಬರ ಮುಖ ಒಬ್ಬರು ನೋಡಲಾರದಂಗ ಆಗತಾರ, ಬ್ಯಾಡ' ಅಂದ್ರು." ಆಮೇಲೆ ಕಣ್ಣು ಮುಚ್ಚಿಕೊಂಡೇ ಅಂದಳು: "ನನಗ ಹೇಳೂದು ಹಗುರ್ರಿ ಭಾವಾರ. ನಾ ಹೊಂಟಾಕಿ. ಅಕ್ಕಾರಿಗೆ ಹೇಳ್ರಿ. ಮಂದಿ ಮುಂದ ಹೇಳ್ರಿ."

ಹೇಳುತ್ತೇನೆ ಎಂದು ಮಾತು ಕೊಟ್ಟು ಬಂದೆ.

ಆಕೆಯನ್ನು ಮಣ್ಣು ಮಾಡಿದ ದಿನ, ಅಂಗಳದಲ್ಲಿ ವಿಭೂತಿ ಹಚ್ಚಿ ಕೂರಿಸಿದ್ದರು. ನನ್ನ ಹೆಂಡತಿ ಎಷ್ಟೋ ವರ್ಷಗಳ ನಂತರ ಆ ಮನೆಯ ಮೆಟ್ಟಿಲು ಹತ್ತಿ, ಆಕೆಯ ಕೆನ್ನೆ ಸವರಿ, ಸದ್ದಿಲ್ಲದೆ ಅಳುತ್ತಿದ್ದಳು. ಹಿಂದೆ ಕೂತ ಹೆಂಗಸರಲ್ಲಿ ಒಬ್ಬಳು ಪಕ್ಕದವಳಿಗೆ ಅಂದಳು: "ತತ್ತಿ ಸುದ್ದಿ ಹಬ್ಬಿಸಿದಾಕಿ ಇಕೀನ ಅಲ್ಲೇನ? ಈಗ ನೋಡ, ಹೆಂಗ ಅಳಾಕ ಹತ್ಯಾಳ." ಅದು ಮೆಲ್ಲಗೆ ಅಂದ ಮಾತಲ್ಲ. ಗಂಡಸರ ಸಾಲಿನಲ್ಲಿ ನಿಂತ ನನಗೂ ಕೇಳಿಸಿತು. ತಮ್ಮ ಅಲ್ಲೇ ಇದ್ದ, ಬೀಗರು ಇದ್ದರು, ಓಣಿಯೆಲ್ಲ ಇತ್ತು. ಮಂದಿಯ ಮುಂದೆ ಹೇಳು ಅಂದಿದ್ದಳಲ್ಲ, ಅಷ್ಟು ಮಂದಿ ಮತ್ತೆಂದೂ ಒಂದು ಕಡೆ ಸೇರುವುದಿರಲಿಲ್ಲ. ನಾನು ನೆಲ ನೋಡುತ್ತ ನಿಂತೆ.

ಮನೆಗೆ ಬಂದು ಸ್ನಾನ ಮಾಡಿ ಕೂತಾಗ ನನ್ನ ಹೆಂಡತಿ ತಲೆ ಒರೆಸಿಕೊಳ್ಳುತ್ತ ಕೇಳಿದಳು.

"ಆ ಹೆಣ್ಣಮಗಳ ಅಂದದ್ದ ನಿಮಗ ಕೇಳಿಸ್ತೇನ್ರಿ?"

"ಇಲ್ಲ" ಅಂದೆ.

ಅವಳು ನನ್ನ ಮುಖ ನೋಡಿದಳು. "ಊಟಕ್ಕ ಏಳ್ರಿ" ಅಂದಳು.

ನನ್ನ ತಮ್ಮನ ಹೆಂಡತಿಗೆ ನಾನು ತಪ್ಪು ಒಪ್ಪಿಕೊಂಡೆ. ಆಕೆ ಅದನ್ನು ಹಗುರ ಮಾಡಿ ಕಳಿಸಿದಳು. ನಾನು ಹಾಳು ಮಾಡಲು ನೋಡಿದ ಕೆಲಸದ ಮೇಲೆ ಕಡೆಯವರೆಗೂ ನನ್ನ ಹೆಸರು ಹೇಳಿದಳು. ಆ ಋಣ ತೀರಿಸಲು ನನ್ನಲ್ಲಿ ಏನೂ ಇಲ್ಲ. ಆದರೆ ಕೊಟ್ಟ ಮಾತನ್ನು ಇನ್ನೂ ನಡೆಸಿಲ್ಲ. ನಾನು ಇನ್ನೂ ಕ್ಷಮೆ ಕೇಳಬೇಕಾದವಳು ಸತ್ತಿಲ್ಲ, ದೂರವೂ ಇಲ್ಲ. ಇಷ್ಟು ಬರೆಯುವ ಹೊತ್ತಿಗೆ ಎರಡು ಸಲ ಬಂದು, ಏನು ಬರೆಯುತ್ತೀರಿ ಎಂದು ಕೇಳದೆ, ಚಹಾ ಇಟ್ಟು ಹೋಗಿದ್ದಾಳೆ. ಅವಳು ನನ್ನ ಹೆಂಡತಿ.